ಮಾತು ಬರಲಿ ಅಂತ ಕಾಯಬೇಕಾ, ಥೆರಪಿಗೆ ಓಡಬೇಕಾ?

ಪ್ರಶ್ನೆ: ನಮ್ಮ ಮಗನಿಗೆ ಈಗ 19 ತಿಂಗಳು. 34ನೇ ವಾರಕ್ಕೇ ಹುಟ್ಟಿದ. ಜಾಂಡಿಸ್ ಇದೆ ಅಂತ ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) 9 ದಿನ ಲೈಟ್ ಕೆಳಗೆ ಇಟ್ಟಿದ್ದರು. ನಡೆದಿದ್ದು 16 ತಿಂಗಳಿಗೆ. ಮಾತು ಮಾತ್ರ ಇನ್ನೂ ಒಂದೂ ಇಲ್ಲ; ಏನಾದರೂ ಬೇಕಾದರೆ ನಮ್ಮ ಕೈ ಹಿಡಿದು ಎಳಕೊಂಡು ಹೋಗ್ತಾನೆ. ಟಿವಿ ಹಾಕಿದರೆ ಎಲ್ಲಿದ್ದರೂ ಓಡಿ ಬರ್ತಾನೆ, ಹಾಗಾಗಿ ಕಿವಿ ಚೆನ್ನಾಗಿದೆ. ಮನೆ ಪೀಣ್ಯದ ಹತ್ತಿರ. ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಮಗು ನೋಡಿಕೊಳ್ಳೋದು ನಮ್ಮತ್ತೆ. "ಇವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು, ಬಜೆ ತೇದು ನೆಕ್ಕಿಸಿದರೆ ಸರಿಹೋಗುತ್ತೆ" ಅಂತಾರೆ. ಮಕ್ಕಳ ಡಾಕ್ಟರು 2 ವರ್ಷ ಆಗಲಿ ನೋಡೋಣ ಅಂದರು. ಒಂದು ಥೆರಪಿ ಸೆಂಟರಿಗೆ ಹೋದರೆ ವಾರಕ್ಕೆ 5 ದಿನ, ತಿಂಗಳಿಗೆ 18,000 ರೂಪಾಯಿ ಪ್ಯಾಕೇಜು ಅಂದರು. ಮನೇಲಿ ಕನ್ನಡ ಬಿಟ್ಟು ಬರೀ ಇಂಗ್ಲಿಷ್ ಮಾತಾಡಿ ಅಂತಲೂ ಹೇಳಿದರು. ಯಾರ ಮಾತು ಕೇಳೋದು? ಪ್ಲೇ ಹೋಮ್‌ಗೆ ಹಾಕಿದರೆ ಮಾತು ಬರುತ್ತಾ? ಬಸುರಿಯಲ್ಲಿ 7 ತಿಂಗಳವರೆಗೂ ಬಿಎಂಟಿಸಿ ಬಸ್ಸಲ್ಲಿ ನಿಂತುಕೊಂಡು ಓಡಾಡಿದ್ದೇ ಇದಕ್ಕೆಲ್ಲ ಕಾರಣವಾ?

ಉತ್ತರ: ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಏಕೆಂದರೆ ನಿಮ್ಮನ್ನು ರಾತ್ರಿ ಎಚ್ಚರ ಇಡುತ್ತಿರುವುದು ಅದೇ ಇರಬೇಕು. ಅಲ್ಲ. ಬಸ್ಸಲ್ಲಿ ಓಡಾಡಿದ್ದರಿಂದ ಯಾವ ಮಗುವಿನ ಮಾತೂ ತಡವಾಗುವುದಿಲ್ಲ. ಅದನ್ನು ಇಲ್ಲಿಗೆ ಬಿಟ್ಟುಬಿಡಿ.

ಈಗ ಉಳಿದ ವಿಷಯ. ನಿಮಗೆ ಸಿಕ್ಕ ಎರಡು ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಇನ್ನೂ 5 ತಿಂಗಳು ಸುಮ್ಮನೆ ಕೂರುವುದು ತಪ್ಪು. ಮಗುವನ್ನು ಸರಿಯಾಗಿ ಪರೀಕ್ಷೆಯೇ ಮಾಡದೆ ತಿಂಗಳಿಗೆ 18,000 ಕಟ್ಟುವುದೂ ತಪ್ಪು. ಪರೀಕ್ಷೆಗಳನ್ನು ಈ ತಿಂಗಳೇ ಮಾಡಿಸಿ. ಮನೆಯಲ್ಲಿ ಮಾಡುವುದನ್ನು ನಾಳೆಯಿಂದಲೇ ಶುರು ಮಾಡಿ. ದುಡ್ಡು ಕೊಟ್ಟು ಹೋಗುವ ಸೆಷನ್ ವಾರಕ್ಕೊಂದು ಸಾಕು, ಆದರೆ ಆ ಒಂದು ಸೆಷನ್ನಿಗೆ ನಿಮ್ಮ ಅತ್ತೆಯವರು ಒಳಗೆ ಕೂತಿರಬೇಕು. ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ವಯಸ್ಸಿನ ಲೆಕ್ಕ. 40 ವಾರಕ್ಕೆ ಹುಟ್ಟಬೇಕಿದ್ದವನು 34ಕ್ಕೆ ಹುಟ್ಟಿದ್ದಾನೆ, ಅಂದರೆ 6 ವಾರ ಮೊದಲು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಬೆಳವಣಿಗೆ ನೋಡುವಾಗ 2 ವರ್ಷದವರೆಗೂ ಆ ವಾರಗಳನ್ನು ಕಳೆಯುತ್ತೇವೆ. ನಿಮ್ಮ ಮಗನ ಸರಿಪಡಿಸಿದ ವಯಸ್ಸು ಹದಿನೇಳೂವರೆ ತಿಂಗಳು, ನಡೆದದ್ದು ಹದಿನಾಲ್ಕೂವರೆಗೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ 5 ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿದಾಗ, ಯಾರ ಆಸರೆಯೂ ಇಲ್ಲದೆ ನಡೆಯುವ ವಯಸ್ಸು 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿತ್ತು. ಹಾಗಾಗಿ ಕಾಲಿನ ಬಗ್ಗೆ ಚಿಂತೆ ಬೇಡ.

ಮಾತಿನ ವಿಷಯ ಬೇರೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ಮಕ್ಕಳ ಬೆಳವಣಿಗೆಯ ತನ್ನ ಪಟ್ಟಿಯನ್ನು ಬದಲಿಸಿ, ಆಯಾ ವಯಸ್ಸಿಗೆ 100ಕ್ಕೆ 75 ಮಕ್ಕಳಾದರೂ ಮಾಡುವುದನ್ನು ಮಾತ್ರ ಉಳಿಸಿಕೊಂಡಿತು. ಅದರ ಪ್ರಕಾರ 18 ತಿಂಗಳಿಗೆ ಅಮ್ಮ, ಅಪ್ಪ ಬಿಟ್ಟು 3 ಪದವನ್ನಾದರೂ ಹೇಳಲು ನೋಡಬೇಕು. ಉಚ್ಚಾರ ಸರಿ ಇರಬೇಕಿಲ್ಲ. "ನೀಯು" ಅಂದರೂ ನೀರು ಲೆಕ್ಕಕ್ಕೆ ಬರುತ್ತದೆ. ಆದರೆ ನಾನು ಪದ ಎಣಿಸುವ ಮೊದಲು ಬೆರಳು ನೋಡುತ್ತೇನೆ. ಆಕಾಶದಲ್ಲಿ ವಿಮಾನ ಹೋದರೆ ಬೆರಳು ತೋರಿಸಿ, ಆಮೇಲೆ ನಿಮ್ಮ ಮುಖ ನೋಡ್ತಾನಾ? "ಚಪ್ಪಲಿ ತಗೊಂಡು ಬಾ" ಅಂತ ಕೈಸನ್ನೆ ಇಲ್ಲದೆ ಹೇಳಿದರೆ ಹೋಗಿ ತರ್ತಾನಾ? ಖಾಲಿ ಲೋಟ ಹಿಡಿದು ಕುಡಿದ ಹಾಗೆ ಆಟ ಆಡ್ತಾನಾ? ಇವೆಲ್ಲ ಇದ್ದು ಮಾತೊಂದೇ ಇಲ್ಲದ ಮಕ್ಕಳಲ್ಲಿ ಅನೇಕರು ಮೂರು, ನಾಲ್ಕು ವರ್ಷಕ್ಕೆ ಉಳಿದವರ ಜೊತೆ ಸೇರಿಕೊಳ್ಳುತ್ತಾರೆ. ನಿಮ್ಮ ಯಜಮಾನರು ಅಂಥವರೇ ಇದ್ದಿರಬಹುದು, ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬೆರಳು ತೋರಿಸದೆ, ಮುಖ ನೋಡದೆ, ನಮ್ಮ ಕೈಯನ್ನೇ ಹಿಡಿದು ಬೇಕಾದ ವಸ್ತುವಿನ ಮೇಲೆ ಇಡುವ ಮಗು ಇದ್ದರೆ ಮಾತ್ರ ಆ ಸಮಾಧಾನ ಸಾಲದು. ನಿಮ್ಮ ಕಾಗದದಲ್ಲಿ ಕೈ ಎಳೆಯುವುದರ ಬಗ್ಗೆ ಇದೆ, ಬೆರಳಿನ ಬಗ್ಗೆ ಇಲ್ಲ. ಈ ವಾರ ಅದನ್ನು ಗಮನಿಸಿ.

ಪರೀಕ್ಷೆಗಳಲ್ಲಿ ಮೊದಲನೆಯದು ಕಿವಿ. ಟಿವಿಗೆ ಓಡಿ ಬರುವುದು ಕಿವಿ ಚೆನ್ನಾಗಿರುವುದಕ್ಕೆ ಸಾಕ್ಷಿ ಆಗುವುದಿಲ್ಲ. ಬೆಳಕು ಬದಲಾಗುವುದು ಕಾಣುತ್ತದೆ, ಅಜ್ಜಿ ರಿಮೋಟ್ ತಗೊಳ್ಳುವುದು ಕಾಣುತ್ತದೆ, ಜೋರು ಸದ್ದು ಅರೆಬರೆ ಕೇಳುವ ಮಗುವಿಗೂ ಕೇಳುತ್ತದೆ. ಕೆಲವು ಮಕ್ಕಳಿಗೆ ತಟ್ಟೆ ಬಿದ್ದ ಶಬ್ದ ಸರಿಯಾಗಿ ಕೇಳುತ್ತೆ, ಸ, ಶ, ತ ಇಂಥ ತೆಳು ಸದ್ದುಗಳು ಮಾತ್ರ ಕಳೆದುಹೋಗುತ್ತವೆ. ಅಂಥವರಿಗೆ ನಾವಾಡುವ ಮಾತು ಗುಣುಗುಣು ಅಂತ ಕೇಳುತ್ತದೆ ಅಷ್ಟೇ. ಚಪ್ಪಾಳೆ ತಟ್ಟಿ, ಹಿಂದಿನಿಂದ ಗಂಟೆ ಬಾರಿಸಿ ಮನೆಯಲ್ಲಿ ಮಾಡುವ ಪರೀಕ್ಷೆಗಳಿಂದ ಇದು ಗೊತ್ತಾಗುವುದಿಲ್ಲ.

ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ, ಕಿವಿ ಪರೀಕ್ಷೆ ಅಂತ ಬರೆದಿದ್ದರೆ ಅದು ಓಎಇನಾ ಬೆರಾನಾ ಅಂತ ನೋಡಿ. ಓಎಇ ಎರಡು ನಿಮಿಷದ್ದು. ಒಳಗಿವಿ ಕೆಲಸ ಮಾಡುತ್ತಿದೆಯಾ ಅಂತ ಹೇಳುತ್ತದೆ, ಅಲ್ಲಿಂದ ಮೆದುಳಿಗೆ ಹೋಗುವ ನರದ ಬಗ್ಗೆ ಏನೂ ಹೇಳುವುದಿಲ್ಲ. ಜಾಂಡಿಸ್ ವಿಪರೀತ ಏರಿದರೆ ಪೆಟ್ಟು ತಿನ್ನುವುದು ಆ ನರ. ಆದ್ದರಿಂದಲೇ ಎನ್‌ಐಸಿಯುನಲ್ಲಿ 5 ದಿನಕ್ಕಿಂತ ಹೆಚ್ಚು ಇದ್ದ ಮಕ್ಕಳಿಗೆ ಓಎಇ ಒಂದೇ ಸಾಲದು, ಬೆರಾ ಅನ್ನುವ ನರದ ಪರೀಕ್ಷೆಯೂ ಬೇಕು ಅನ್ನುವುದು ನಿಯಮ. ನಿಮ್ಮ ಮಗ 9 ದಿನ ಇದ್ದವನು. ಬೆರಾ ಮಾಡುವಾಗ ಹಣೆಗೆ, ಕಿವಿಯ ಹಿಂದೆ ಸಣ್ಣ ತಂತಿ ಅಂಟಿಸುತ್ತಾರೆ. ನೋವಿಲ್ಲ, ಆದರೆ ಮಗು ಗಾಢ ನಿದ್ದೆಯಲ್ಲಿರಬೇಕು. ಅವನು ಮಧ್ಯಾಹ್ನ ಮಲಗುವ ಹೊತ್ತಿಗೇ ಅಪಾಯಿಂಟ್ಮೆಂಟ್ ಕೇಳಿ. ಆ ದಿನ ಬೆಳಿಗ್ಗೆ ಬೇಗ ಎಬ್ಬಿಸಿ, ತಲೆಗೆ ಎಣ್ಣೆ ಹಚ್ಚಬೇಡಿ (ತಂತಿ ಜಾರುತ್ತದೆ), ಪೀಣ್ಯದಿಂದ ಹೋಗುವಾಗ ಮೆಟ್ರೋದಲ್ಲೇ ನಿದ್ದೆ ಹೋಗದ ಹಾಗೆ ಆಡಿಸುತ್ತಾ ಹೋಗಿ. ಇಷ್ಟು ಮಾಡಿದರೆ ಎಷ್ಟೋ ಸಲ ನಿದ್ದೆ ಔಷಧಿ ಇಲ್ಲದೆಯೇ ಮುಗಿಯುತ್ತದೆ. ಪದೇ ಪದೇ ಶೀತ ಆಗುವ ಮಗುವಾದರೆ ಮಧ್ಯಕಿವಿಯಲ್ಲಿ ನೀರು ನಿಂತಿದೆಯಾ ಅಂತಲೂ ನೋಡುತ್ತಾರೆ.

ಎರಡನೆಯದು ರಕ್ತ ಪರೀಕ್ಷೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಮೈಯಲ್ಲಿ ಕಬ್ಬಿಣದ ದಾಸ್ತಾನು ಮೊದಲೇ ಕಡಿಮೆ. ಅದರ ಮೇಲೆ ದಿನಕ್ಕೆ ನಾಲ್ಕೈದು ಬಾಟಲಿ ಹಸುವಿನ ಹಾಲು ಕುಡಿದರೆ ಅನ್ನ, ಮುದ್ದೆ, ಸೊಪ್ಪು ಸೇರುವುದಿಲ್ಲ, ಇನ್ನಷ್ಟು ಕಮ್ಮಿಯಾಗುತ್ತದೆ. ಈ ವಯಸ್ಸಿಗೆ ದಿನಕ್ಕೆ ಅರ್ಧ ಲೀಟರ್ ಹಾಲು ಮೀರಬಾರದು. ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುವುದು) ಮಾಡಿಸಿ. ಹುಟ್ಟಿದಾಗ ಥೈರಾಯ್ಡ್ ನೋಡಿರದಿದ್ದರೆ ಅದನ್ನೂ.

ಮೂರನೆಯದು ಆಟಿಸಂನ (ಬೆರೆಯುವುದು, ಮಾತಾಡುವುದು ಬೇರೆ ರೀತಿ ಬೆಳೆಯುವ ಸ್ಥಿತಿ) ಸುಳಿವು ಹುಡುಕುವ ಎಂ-ಚಾಟ್ ಅನ್ನುವ 20 ಪ್ರಶ್ನೆಗಳ ಪಟ್ಟಿ. 16ರಿಂದ 30 ತಿಂಗಳ ಮಕ್ಕಳಿಗೆ ಮಾಡುವಂಥದ್ದು, ನಿಮ್ಮ ಡಾಕ್ಟರೇ ಕನ್ನಡದಲ್ಲಿ ಕೇಳಿ ತುಂಬಿಸಬಹುದು. ಅಂಕ ಜಾಸ್ತಿ ಬಂದರೆ ಆಟಿಸಂ ಇದೆ ಅಂತ ಅರ್ಥ ಮಾಡಿಕೊಳ್ಳಬೇಡಿ. ತಿಳಿದವರು ಕೂತು ಪೂರ್ತಿ ನೋಡಬೇಕು ಅಂತ ಅರ್ಥ.

ಬಜೆ ವಿಷಯ. ತಲೆಮಾರುಗಳಿಂದ ಬಂದದ್ದು, ಅತ್ತೆಯವರ ಕಾಳಜಿ ನಿಜವಾದದ್ದು. ಆದರೆ ಅದು ಮಾತು ತರಿಸುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಬಜೆ ಬೇರಿನಲ್ಲಿರುವ ಅಸರೋನ್ ಅನ್ನುವ ಅಂಶ ಪುಟ್ಟ ಮಕ್ಕಳಿಗೆ ಒಳ್ಳೆಯದಲ್ಲ, ಕೆಲವರಿಗೆ ವಾಂತಿ ಬರಿಸುತ್ತದೆ. ಬೇಡ. ನಾಲಿಗೆ ಅಂಟಿದೆ, ಕತ್ತರಿಸಬೇಕು ಅಂತ ಯಾರಾದರೂ ಹೇಳಿದರೂ ಅವಸರ ಬೇಡ. ನಾಲಿಗೆ ಅಂಟಿದ್ದರೆ ಕೆಲವು ಅಕ್ಷರ ತೊದಲಬಹುದು, ಮಾತೇ ಹುಟ್ಟದೆ ಇರುವುದಿಲ್ಲ.

ಕನ್ನಡ ಬಿಡಿ ಅಂದ ಸೆಂಟರಿನ ಬಗ್ಗೆ ನನಗೆ ಸಿಟ್ಟೇ ಬಂತು. ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಬೆಂಗಳೂರಿನ ಯಾವ ಬೀದಿಯಲ್ಲಿ ಒಂದೇ ಭಾಷೆ ಕೇಳುತ್ತದೆ ಹೇಳಿ? ಅಜ್ಜಿ ದಿನಕ್ಕೆ ಹತ್ತು ಗಂಟೆ ಮಗುವಿನ ಜೊತೆ ಇರುತ್ತಾರೆ, ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡ ಬೇಡ ಅಂದರೆ ಆ ಹತ್ತು ಗಂಟೆ ಮನೆ ಮೌನವಾಗುತ್ತದೆ. ಮಾತು ಬಾರದ ಮಗುವಿಗೆ ಇದಕ್ಕಿಂತ ಕೆಟ್ಟ ಚಿಕಿತ್ಸೆ ಇನ್ನೊಂದಿಲ್ಲ. ಮೇಲಿನ ಮನೆಯವರು ತೆಲುಗಲ್ಲಿ ಮುದ್ದು ಮಾಡಲಿ, ನೀವು ಕನ್ನಡದಲ್ಲೇ ಇರಿ.

ಇನ್ನು ಅರ್ಲಿ ಇಂಟರ್ವೆನ್ಷನ್, ಅಂದರೆ ತಡ ಕಂಡ ಕೂಡಲೇ ಪುಟ್ಟ ಮಕ್ಕಳಿಗೆ ಕೊಡುವ ನೆರವು, ಏನು ಅಂತ ನೋಡೋಣ. ಹೆಸರು ಕೇಳಿದರೆ ಬಣ್ಣಬಣ್ಣದ ಕೋಣೆ, ದೊಡ್ಡ ಚೆಂಡು, ಜೋಕಾಲಿ ಕಣ್ಣಿಗೆ ಬರುತ್ತೆ. ಹುಟ್ಟಿನಿಂದ 3 ವರ್ಷದವರೆಗೆ ಮೆದುಳಿನ ಸಂಪರ್ಕಗಳು ಉಳಿದ ಯಾವ ವಯಸ್ಸಿಗಿಂತಲೂ ವೇಗವಾಗಿ ಬೆಳೆಯುತ್ತವೆ, ಆ ಹೊತ್ತಿನಲ್ಲಿ ಮಗುವಿನ ದಿನ ಹೇಗೆ ಕಳೆಯುತ್ತದೆ ಅನ್ನುವುದೇ ಮುಖ್ಯ. ವಾರಕ್ಕೆ 45 ನಿಮಿಷದ ಸೆಷನ್ನಿನಲ್ಲಿ ಥೆರಪಿಸ್ಟ್ ಮಗುವಿಗೆ ಕಲಿಸುವುದು ಸ್ವಲ್ಪವೇ. ಮನೆಯವರಿಗೆ ಕಲಿಸಿದರೆ ಅದು ದಿನವಿಡೀ ನಡೆಯುತ್ತದೆ. ಬಾಗಿಲು ಹಾಕಿಕೊಂಡು ಮಗುವನ್ನು ಒಳಗೆ ಕರೆದು, ನಿಮ್ಮನ್ನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುವ ಕಡೆ ವಾರಕ್ಕೆ 5 ದಿನ ಹೋದರೂ ಅಜ್ಜಿಗೆ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ: ಇದನ್ನು ಶುರು ಮಾಡಲು ಯಾವ ರೋಗದ ಹೆಸರೂ, ಸರ್ಟಿಫಿಕೇಟೂ ಬೇಕಿಲ್ಲ. ತಡ ಇದೆ ಅನ್ನುವುದೇ ಸಾಕು.

ಮನೆಯಲ್ಲಿ ಏನು ಮಾಡುವುದು ಅಂದರೆ, ಸ್ನಾನದ ಹೊತ್ತನ್ನೇ ತಗೊಳ್ಳಿ. ಅಜ್ಜಿ ಒಂದೇ ಸಮ ನೀರು ಹೊಯ್ಯುತ್ತಾರೆ, ಅವನಿಗೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಎರಡು ಚೊಂಬು ಹೊಯ್ದ ಮೇಲೆ ಮೂರನೆಯದನ್ನು ಮೇಲೆತ್ತಿ ಸುಮ್ಮನೆ ನಿಲ್ಲಲಿ. ಅವನ ಮುಖ ನೋಡುತ್ತಾ, ಬಾಯಿ ಮುಚ್ಚಿಕೊಂಡು, ಮನಸ್ಸಿನಲ್ಲೇ ಹತ್ತು ಎಣಿಸಲಿ. ಅಜ್ಜಿಯರಿಗೆ ಇದು ಬಹಳ ಕಷ್ಟದ ಕೆಲಸ, ಮೂರಕ್ಕೇ ಸುರಿದುಬಿಡುತ್ತಾರೆ. ಹತ್ತು ಆಗುವುದರೊಳಗೆ ಅವನು ಏನಾದರೂ ಮಾಡುತ್ತಾನೆ: ಚೊಂಬು ನೋಡಿ ಅಜ್ಜಿಯ ಮುಖ ನೋಡಬಹುದು, ಕುಣಿಯಬಹುದು, "ಆ" ಅನ್ನಬಹುದು. ಏನೇ ಮಾಡಿದರೂ ಅದೇ ಕೇಳಿದ ಹಾಗೆ ಅಂದುಕೊಂಡು "ನೀರು!" ಅಂತ ಹೇಳಿ ಸುರಿಯಬೇಕು. "ನೀರು ಅನ್ನು, ಅಂದರೆ ಕೊಡ್ತೀನಿ" ಅಂತ ಪಟ್ಟು ಹಿಡಿಯಬಾರದು. ಒಂದು ಪದ, ತಕ್ಷಣ ನೀರು. ಹೀಗೆ ಒಂದು ಸ್ನಾನದಲ್ಲಿ ನಾಲ್ಕೈದು ಸಲ.

ಊಟಕ್ಕೂ ಇದೇ. ದೋಸೆ ಪೂರ್ತಿ ತಟ್ಟೆಗೆ ಹಾಕಬೇಡಿ, ಒಂದು ಚೂರು ಕೊಟ್ಟು ಉಳಿದದ್ದು ಕಾಣುವ ಹಾಗೆ ಇಟ್ಟುಕೊಳ್ಳಿ. ಅವನು ಕೈ ಚಾಚಿದಾಗ "ತಾ" ಅಂತ ನೀವೇ ಅವನ ಪರವಾಗಿ ಹೇಳಿ. ಬಾ, ತಾ, ಬೇಡ, ಆಯ್ತು, ಹೋಯ್ತು ಇಂಥ ಚಿಕ್ಕ ಮಾತುಗಳು ದಿನಕ್ಕೆ ನೂರು ಸಲ ಉಪಯೋಗಕ್ಕೆ ಬರುತ್ತವೆ, ಬಣ್ಣಗಳ ಹೆಸರು, ಎಬಿಸಿಡಿ ಈಗ ಯಾವ ಉಪಯೋಗಕ್ಕೂ ಬರುವುದಿಲ್ಲ. ಚಳಿಗಾಲದಲ್ಲಿ ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಾಗ ಕಾಯಿಗಳನ್ನು ಪಾತ್ರೆಗೆ ಹಾಕುವ ಕೆಲಸ ಅವನಿಗೆ ಕೊಡಿ, ಒಂದೊಂದು ಹಾಕಿದಾಗಲೂ "ಹಾಕು", "ಇನ್ನೊಂದು" ಅನ್ನಿ. ಬಿಡಿಸಿದ ಕಾಳು ಮಾತ್ರ ಕೈಗೆ ಸಿಗದಿರಲಿ. ಮೂಗಿಗೋ ಗಂಟಲಿಗೋ ಹಾಕಿಕೊಂಡು ಕ್ಯಾಶುವಾಲಿಟಿಗೆ ಬರುವ ಮಕ್ಕಳು ಪ್ರತಿವರ್ಷ ಇದ್ದದ್ದೇ. "ಇದೇನು? ಕಾಗೆ ಎಲ್ಲಿ? ಟಾಟಾ ಮಾಡು" ಅಂತ ನೆಂಟರ ಮುಂದೆ ಪರೀಕ್ಷೆ ಮಾಡುವುದನ್ನು ಸ್ವಲ್ಪ ದಿನ ನಿಲ್ಲಿಸಿ. ಉತ್ತರ ಗೊತ್ತಿಲ್ಲದ ಮಗುವಿಗೆ ದಿನವಿಡೀ ಪ್ರಶ್ನೆ ಕೇಳಿದರೆ ಅದು ಮುಖ ತಿರುಗಿಸಿಕೊಳ್ಳುವುದನ್ನೇ ಕಲಿಯುತ್ತದೆ.

ಟಿವಿ, ಮೊಬೈಲು. ಭಾರತೀಯ ಮಕ್ಕಳ ತಜ್ಞರ ಸಂಘ 2 ವರ್ಷದೊಳಗೆ ಪರದೆಯೇ ಬೇಡ ಅನ್ನುತ್ತದೆ, ದೂರದೂರಿನ ನೆಂಟರ ಜೊತೆ ಯಾವಾಗಲೋ ಮಾಡುವ ವಿಡಿಯೋ ಕಾಲ್ ಬಿಟ್ಟು. ಆದರೆ ಮೊಣಕಾಲು ನೋವಿರುವ ಅಜ್ಜಿಗೆ ಅಡುಗೆ ಮಾಡುವ ಮುಕ್ಕಾಲು ಗಂಟೆ ಮಗುವನ್ನು ಎಲ್ಲಿ ಕೂರಿಸಬೇಕು ಅಂತ ಹೇಳದೆ ಬರೀ ಬೇಡ ಅನ್ನುವವರು ಅಡುಗೆಮನೆ ನೋಡಿಲ್ಲ. ಕೆಳಗಿನ ಕಪಾಟಿನಲ್ಲಿ ಸ್ಟೀಲ್ ಡಬ್ಬ, ಮುಚ್ಚಳ, ಮರದ ಸೌಟು ಅವನಿಗಾಗಿಯೇ ಇಡಿ. ಸದ್ದು ಆಗುತ್ತೆ, ಆಗಲಿ. ಮೊದಲು ಊಟದ ಹೊತ್ತಿನ ಮೊಬೈಲ್ ನಿಲ್ಲಿಸಿ. ಮೂರು ನಾಲ್ಕು ದಿನ ಗಲಾಟೆ ಮಾಡ್ತಾನೆ, ಕಮ್ಮಿ ತಿಂತಾನೆ, ಆಮೇಲೆ ಹೊಂದಿಕೊಳ್ತಾನೆ. ಅದು ಗೆದ್ದ ಮೇಲೆ ಟಿವಿ.

ನೀವಿಬ್ಬರು ರಾತ್ರಿ ಎಂಟಕ್ಕೆ ಬಂದು ಒಂದೂವರೆ ಗಂಟೆ ಥೆರಪಿ ಮಾಡಲು ಹೋಗಬೇಡಿ. ಅಪ್ಪ ಹೊದಿಕೆ ಒಳಗೆ ಕಣ್ಣಾಮುಚ್ಚಾಲೆ ಆಡಲಿ, ನೀವು ಒಂದು ಪುಸ್ತಕದ ಚಿತ್ರ ತೋರಿಸಿ. ಹತ್ತು ನಿಮಿಷ ಮನಸಾರೆ ಆದರೆ ಸಾಕು.

ಎಲ್ಲಿಗೆ ಹೋಗಬೇಕು? ಸರ್ಕಾರದ ದಾರಿ ಹೀಗಿದೆ: 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಯೋಜನೆಯಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ಮಕ್ಕಳ ತಪಾಸಣೆ ಉಚಿತ, ಅಂಗನವಾಡಿಗೆ ತಂಡವೇ ವರ್ಷಕ್ಕೆ ಎರಡು ಸಲ ಬರಬೇಕು. ತಡ ಕಂಡ ಮಕ್ಕಳನ್ನು ಡಿಇಐಸಿ ಅನ್ನುವ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ಮಗು ಅಂಗನವಾಡಿಗೆ ಹೋಗದಿದ್ದರೂ ತಾಯಿ ಕಾರ್ಡ್ ಹಿಡಿದು ಹತ್ತಿರದ ನಗರ ಆರೋಗ್ಯ ಕೇಂದ್ರದಲ್ಲಿ ಡಿಇಐಸಿಗೆ ಚೀಟಿ ಬರೆದುಕೊಡಿ ಅಂತ ಕೇಳಿ. ನಗರದಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಇವೆ. ಕಿವಿ ಮತ್ತು ಮಾತಿಗೆ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಒಂದು ದಿನ ರಜೆ ಹಾಕಲು ಸಾಧ್ಯವಾದರೆ 1965ರಿಂದ ಇದೇ ಕೆಲಸ ಮಾಡುತ್ತಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಕೈಕಾಲು ಬಿಗಿತ ಇರುವ ಮಕ್ಕಳಿಗೆ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಲಿಂಗರಾಜಪುರದ ಎಪಿಡಿ (ಅಂಗವಿಕಲರಿಗಾಗಿ ಇರುವ ಸಂಸ್ಥೆ) ಹಳೆಯ ಹೆಸರುಗಳು.

ಖಾಸಗಿ ಸೆಂಟರಿಗೇ ಹೋಗುವುದಾದರೆ, ಮಾತಿನ ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇದೆಯಾ ಕೇಳಿ. ಇದ್ದವರು ಬೇಸರ ಮಾಡಿಕೊಳ್ಳುವುದಿಲ್ಲ. ನಾವು ಒಳಗೆ ಕೂರಬಹುದಾ ಅಂತ ಕೇಳಿ. ಮೂರು ತಿಂಗಳಲ್ಲಿ ಏನು ಬದಲಾಗಬೇಕು ಅಂತ ನೀವು ಅಂದುಕೊಂಡಿದ್ದೀರಿ ಅಂತ ಅವರೇ ನಿಮ್ಮನ್ನು ಕೇಳಿದರೆ ಅದು ಒಳ್ಳೆಯ ಜಾಗ. ಇಪ್ಪತ್ತು ನಿಮಿಷ ನೋಡಿ ಆರು ತಿಂಗಳ ಹಣ ಮುಂಗಡ ಕೇಳಿದರೆ ಎದ್ದು ಬನ್ನಿ. ಸ್ಟೆಮ್ ಸೆಲ್ ಹಾಕಿಸಿದರೆ ಮಾತು ಬರುತ್ತದೆ ಅಂತ ಯಾರಾದರೂ ಹೇಳಿದರೆ ಕೂರಲೇಬೇಡಿ.

ಅತ್ತೆಯವರನ್ನು ಒಪ್ಪಿಸುವುದು ನಿಮಗಿಂತ ಅವರ ಮಗನಿಗೆ ಸುಲಭ. "ನೀನು ಮಾಡ್ತಿರೋದು ಸರಿಯಿಲ್ಲವಂತೆ, ಬಾ" ಅಂದರೆ ಯಾರೂ ಬರುವುದಿಲ್ಲ. "ಅಮ್ಮ, ಅವನು ನಿನ್ನ ಹತ್ತಿರಾನೇ ಜಾಸ್ತಿ ಇರೋದು, ಅವನ ವಿಷಯ ಡಾಕ್ಟರಿಗೆ ನೀನೇ ಹೇಳಬೇಕು" ಅಂದರೆ ಬರುತ್ತಾರೆ. ಅದು ನಿಜವೂ ಹೌದು. ಅವನು ಯಾವ ಸದ್ದಿಗೆ ತಿರುಗುತ್ತಾನೆ, ಯಾವಾಗ ನಗುತ್ತಾನೆ ಅನ್ನುವುದು ನಮ್ಮ ಎಲ್ಲರಿಗಿಂತ ಅವರಿಗೆ ಗೊತ್ತು.

ಇದನ್ನು ಓದುತ್ತಿರುವ ಬೇರೆ ಅಪ್ಪ-ಅಮ್ಮಂದಿರಿಗೂ ಒಂದು ಮಾತು. ಬಂದ ಪದಗಳು ಹೋಗುವುದು, 9 ತಿಂಗಳಾದರೂ ಕೂರದಿರುವುದು, ಒಂದು ವರ್ಷದೊಳಗೇ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಹಿಡಿದಿರುವುದು, ವರ್ಷವಾದರೂ "ಬಬಬ, ದದದ" ಅನ್ನದಿರುವುದು, ಇವಕ್ಕೆಲ್ಲ ಕಾಯಬಾರದು. ಹಸುಗೂಸು ನಿದ್ದೆಯಿಂದ ಎದ್ದಾಗ ತಲೆ ಬಗ್ಗಿಸಿ ಕೈ ಚಾಚಿ ಬೆಚ್ಚುವುದು ಒಂದರ ಹಿಂದೊಂದು ಬರುತ್ತಿದ್ದರೆ, ಅದನ್ನು ಹೊಟ್ಟೆನೋವು ಅಂದುಕೊಳ್ಳದೆ ಮೊಬೈಲಿನಲ್ಲಿ ವಿಡಿಯೋ ಮಾಡಿ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಒಂದು ಬಗೆಯ ಫಿಟ್ಸ್ ಇರಬಹುದು, ದಿನ ತಳ್ಳಿದಷ್ಟೂ ಮೆದುಳಿಗೆ ಹಾನಿ.

ಪ್ಲೇ ಹೋಮ್ ಈಗ ಬೇಡ. ಒಬ್ಬ ಆಯಾ ಹದಿನೈದು ಮಕ್ಕಳನ್ನು ನೋಡಿಕೊಳ್ಳುವ ಕೋಣೆಯಲ್ಲಿ ಬಾಯಿಬಿಟ್ಟು ಕೇಳಲಾಗದ ಮಗು ಮೂಲೆ ಸೇರುತ್ತದೆ, ಶೀತ ಬೇರೆ ಹಚ್ಚಿಕೊಂಡು ಬರುತ್ತದೆ. ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗಿ ಅವನಿಗಿಂತ ವರ್ಷ ದೊಡ್ಡ ಮಗು ಒಂದರ ಜೊತೆ ಬಿಡಿ, ಅಷ್ಟು ಸಾಕು. ಬೆರಾ ರಿಪೋರ್ಟ್ ಬಂದ ಮೇಲೆ, ಅವನು ಬೆರಳು ತೋರಿಸುತ್ತಾನಾ ಇಲ್ಲವಾ ಅನ್ನುವುದನ್ನೂ ಸೇರಿಸಿ ಇನ್ನೊಮ್ಮೆ ಬರೆಯಿರಿ. ಅಷ್ಟರಲ್ಲಿ ಸೆಂಟರಿಗೆ ಮುಂಗಡ ಕಟ್ಟಬೇಡಿ.